ಗುಲಗಂಜಿ ತೂಕದ ಚೆಲುವು

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಮನೆಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದ ಮದುವೆ ಫೋಟೋಗಳಿದ್ದರೆ ಒಮ್ಮೆ ತೆಗೆದು ನೋಡಿ. ವರನ ಎಡಗೈ ಬೇಕೆಂದೇ ಸ್ವಲ್ಪ ಮುಂದೆ ಬಂದಿರುತ್ತದೆ. ಮಾವನ ಮನೆಯವರು ಕೊಟ್ಟ ವಾಚು ಕಾಣಬೇಕಲ್ಲ! ನಾನು ನೋಡಿದ ಫೋಟೋಗಳಲ್ಲಿ ಆ ವಾಚು ಹೆಚ್ಚಾಗಿ ಎಚ್‌ಎಂಟಿ. ಗದ್ದೆ ಕೆಲಸದ ದಿನ ಅದು ಟ್ರಂಕಿನೊಳಗೆ. ಜಾತ್ರೆಗೆ, ಕೋರ್ಟಿಗೆ, ಹೆಣ್ಣು ನೋಡಲು ಹೊರಟಾಗ ಮಾತ್ರ ಕೈಗೆ. ‘ಡ್ರೆಸ್ ವಾಚ್’ ಎಂಬ ಮಾತು ನಮ್ಮೂರಿಗೆ ಬರುವ ಮೊದಲೇ ಅದನ್ನು ಕಟ್ಟುವ ರೀತಿ ಬಂದಿತ್ತು.

ಕೆಲವು ವರ್ಷಗಳಿಂದ ನಾನು ಇಂಥ ವಾಚುಗಳನ್ನು ಕೂಡಿಸುತ್ತಿದ್ದೇನೆ. ಇವುಗಳ ಬಗ್ಗೆ ಈಗ ಬರುವ ಬರಹವೆಲ್ಲ ನೆನಪಿನ ಕಣ್ಣೀರಿನಲ್ಲಿ ತೊಯ್ದಿರುತ್ತದೆ. ಅಪ್ಪನ ವಾಚು, ಅಜ್ಜನ ವಾಚು ಎಂಬ ಮಮತೆ ಸರಿಯೇ. ಆದರೆ ವಸ್ತುವನ್ನು ವಸ್ತುವಾಗಿ ನೋಡುವ ಕೆಲಸ ಹಾಗೇ ಉಳಿದಿದೆ. ಎಚ್‌ಎಂಟಿಯ ‘ಜನತಾ’ ಚೆಂದದ ವಾಚೇ? ಚೆಂದವೆಂದಾದರೆ ಆ ಚೆಂದ ಎಲ್ಲಿದೆ?

1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಸರ್ಕಾರಿ ಕಂಪನಿ ಮೊದಲು ಮಾಡಿದ್ದು ಲೇತು, ಕೊರೆಯುವ ಯಂತ್ರಗಳಂಥ ಸರಂಜಾಮು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚಿಗೆ ಕೈಹಾಕಿತು. ಒಡವೆ ಅಂಗಡಿಯ ಪರಂಪರೆ ಅದಕ್ಕಿರಲಿಲ್ಲ, ಕಾರ್ಖಾನೆಯ ಅಳತೆಗೋಲು ಇತ್ತು. ಜನತಾದಲ್ಲಿ ಅದು ಎದ್ದು ಕಾಣುತ್ತದೆ. ಅಗಲ ಸುಮಾರು 35 ಮಿಲಿಮೀಟರ್. ಬಿಳಿ ಡಯಲ್, ಮೂರು ಮುಳ್ಳು, 17 ಜ್ಯೂಯಲ್. ತಾರೀಖಿಲ್ಲ, ವಾರವಿಲ್ಲ. ಬೆಳಿಗ್ಗೆ ಎದ್ದು ಕೀ ಕೊಟ್ಟರೆ ಒಳಗಿನ ಯಂತ್ರ ಸೆಕೆಂಡಿಗೆ ಐದು ಸಲ ಬಡಿಯುತ್ತಾ ಮರುದಿನ ಬೆಳಗಿನವರೆಗೂ ನಡೆಯುತ್ತದೆ.

ಸ್ವಿಟ್ಜರ್ಲೆಂಡಿನ ಪಟೆಕ್ ಫಿಲಿಪ್ ಕಂಪನಿ 1932ರಲ್ಲಿ ತಂದ ‘ಕಲಟ್ರಾವ’ವನ್ನು ಸರಳ ವಾಚಿನ ಮೇಲ್ಪಂಕ್ತಿ ಎನ್ನುತ್ತಾರೆ. ಅದರ ಸರಳತೆ ಸಿರಿವಂತರು ಆಯ್ದುಕೊಂಡ ಸರಳತೆ. ಜನತಾದ್ದು ಹಾಗಲ್ಲ. ಎಲ್ಲರ ಕೈಗೂ ಎಟುಕಬೇಕೆಂದರೆ ಏನನ್ನು ಬಿಡಬಹುದು ಎಂದು ಲೆಕ್ಕ ಹಾಕಿ ಬಿಟ್ಟ ಸರಳತೆ. ಬಿಟ್ಟ ಮೇಲೂ ಮುಳ್ಳಿನ ಉದ್ದ, ಗೆರೆಗಳ ತೆಳುವು, ಖಾಲಿ ಜಾಗ ಒಂದಕ್ಕೊಂದು ಒಪ್ಪಿವೆ. ಅದರ ಹೆಚ್ಚುಗಾರಿಕೆ ಇದು.

ನಮ್ಮ ಸೀಮೆಯಲ್ಲಿ ಎರಡು ಬಗೆಯ ಚೆಲುವಿಗೂ ಜಾಗವಿದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಬಣ್ಣದ ಬಟ್ಟೆ, ಬಾವುಟ ಹೊತ್ತ ಗೌತಮ ರಥ ಹೊರಟರೆ ಬೀದಿಯೇ ಸಾಲದು. ಕಪಿಲೆಯ ಹಾದಿ ಹಿಡಿದು ಕೆಳಕ್ಕೆ, ಅದು ಕಾವೇರಿ ಸೇರುವ ನರಸೀಪುರಕ್ಕೆ ಬಂದರೆ ಅಲ್ಲಿ ಗುಂಜಾ ನರಸಿಂಹಸ್ವಾಮಿ. ದೇವರ ಬೆರಳ ನಡುವೆ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಜನರ ನಂಬಿಕೆ. ಒಂದು ಮಣವಲ್ಲ, ಒಂದು ಸೇರಲ್ಲ, ಅಕ್ಕಸಾಲಿಗ ಚಿನ್ನ ತೂಗುವ ಆ ಕಾಳಿನಷ್ಟು. ಜನತಾದ ಚೆಲುವಿನ ತೂಕವೂ ಅಷ್ಟೇ. ಗೆರೆಯೊಂದು ತುಸು ದಪ್ಪವಾದರೂ ತಕ್ಕಡಿ ಆ ಕಡೆ ವಾಲುತ್ತದೆ.

ಈಗ ಆಗುತ್ತಿರುವುದು ಅದೇ. ಹಳೆಯ ಎಚ್‌ಎಂಟಿಗೆ ಬೇಡಿಕೆ ಬಂದಂತೆ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಮಾರುವವರೂ ಹೆಚ್ಚಾದರು. ಕಂಪನಿ ಎಂದೂ ಮಾಡದ ಗಿಳಿಹಸಿರು, ಕಿತ್ತಳೆ ಡಯಲ್‌ಗಳೂ ಇವೆ. ಗುರುತಿಸುವುದು ಕಷ್ಟವಲ್ಲ. ಅಕ್ಷರ ಊದಿಕೊಂಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ನಿಲ್ಲುವುದಿಲ್ಲ. ಒಡವೆಯಂಥ ವಾಚಾದರೆ ಈ ತಪ್ಪು ಹೊಳಪಿನಲ್ಲಿ ಮುಚ್ಚಿಹೋಗುತ್ತಿತ್ತು. ಜನತಾದಲ್ಲಿ ಅಡಗಲು ಜಾಗವೇ ಇಲ್ಲ.

ನಂಜನಗೂಡಿನಲ್ಲಿರುವ ನನ್ನ ಸೋದರತ್ತೆಯ ಮಗ ಇದನ್ನು ಒಪ್ಪುವುದಿಲ್ಲ. ಅವನ ತಂದೆಯ ಜನತಾದ ಡಯಲ್ ಅಂಚಿನಲ್ಲಿ ಕಂದಿ ಹುರಿಗಡಲೆಯ ಬಣ್ಣಕ್ಕೆ ತಿರುಗಿದೆ. ಮಗನ ಮದುವೆಗೆ ಹೊಸ ಬಣ್ಣ ಹಾಕಿಸಬೇಕೆಂದು ಅವನ ಆಸೆ. ‘ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯಲ್ವೇನಯ್ಯ? ಅದೂ ತಪ್ಪಾ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನರಸೀಪುರದಲ್ಲಿ ನಾನು ಹೋಗುವ ರಿಪೇರಿ ಅಂಗಡಿಯಲ್ಲಿ ಅದು ಇನ್ನೂ ಜಟಿಲವಾಗುತ್ತದೆ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದ ಮೇಲೆ ಬಿಡಿಭಾಗಕ್ಕೆ ಹಳೆಯ ದಾಸ್ತಾನೇ ಗತಿ, ಇಲ್ಲವೇ ಕೆಟ್ಟು ನಿಂತ ವಾಚುಗಳು. ಒಂದು ಬದುಕಲು ಇನ್ನೊಂದರ ಹೊಟ್ಟೆ ಬಗೆಯಬೇಕು. ಒಳಗಿನ ಚಕ್ರ, ಸ್ಪ್ರಿಂಗ್ ಬದಲಾದರೆ ಸುಮ್ಮನಿರುವ ನಾನು ಮುಖದ ಬಣ್ಣಕ್ಕೆ ಮಾತ್ರ ಏಕೆ ಅಡ್ಡ ಬರುತ್ತೇನೆ?

ನನ್ನ ಉತ್ತರ ಇಷ್ಟು. ಗೋಡೆಯನ್ನು ಕಟ್ಟುವಾಗಲೇ ಅದಕ್ಕೆ ವರ್ಷವರ್ಷವೂ ಸುಣ್ಣವೆಂದು ಗೊತ್ತು. ಚಕ್ರವೂ ಹಾಗೆಯೇ. ಸವೆದರೆ ಅದೇ ಅಳತೆಯ ಇನ್ನೊಂದು ಕೂರಲೆಂದೇ ಕಾರ್ಖಾನೆ ಅದನ್ನು ಮಾಡಿದ್ದು. ಯಂತ್ರ ಮಾಡುವವರ ಜಾಣತನವೇ ಅದು. ಡಯಲ್ ಅಂಥದ್ದಲ್ಲ. ಸಾವಿರಾರು ಜನತಾಗಳು ಒಂದೇ ಅಚ್ಚಿನಲ್ಲಿ ಹೊರಬಂದವು. ಒಂದನ್ನು ಇನ್ನೊಂದರಿಂದ ಬೇರೆ ಮಾಡಿದ್ದು ಕೈಬೆವರು, ಬಿಸಿಲು, ಟ್ರಂಕಿನ ತೇವ. ಅದನ್ನು ಅಳಿಸಿದರೆ ಉಳಿಯುವುದು ಮತ್ತೊಂದು ಹೊಸ ವಾಚು, ಅದೂ ಮೊದಲಿನದಕ್ಕಿಂತ ಒರಟಾದದ್ದು.

ನೀರು ಹೊಕ್ಕು ಅಂಕಿಯೇ ಕಾಣದಂತಾದ ಡಯಲ್‌ಗೆ ಈ ಮಾತು ಹೇಳಲಾರೆ. ಬಳಿಯಲಿ, ಆದರೆ ಬಳಿದದ್ದೆಂದು ಹೇಳಿ ಮಾರಲಿ. ಉಳಿದವಕ್ಕೆ ಸರ್ವಿಸ್ ಮಾಡಿಸಿ ಎಣ್ಣೆ ಬಿಡಿಸಿದರೆ ಸಾಕು. ಮೇಲಿನ ಗಾಜು ಪ್ಲಾಸ್ಟಿಕ್ಕಿನದು. ಅದರ ಸಣ್ಣ ಗೀರು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ನಂಜನಗೂಡಿನ ಹಲ್ಲುಪುಡಿಯನ್ನು ಹಲ್ಲಿಗೇ ಇಟ್ಟುಕೊಳ್ಳಿ.

ಕೂಡಿಸುವವರಿಗೂ ಒಂದು ಮಾತು. ನೂರು ವಾಚು ಪೆಟ್ಟಿಗೆಯಲ್ಲಿ ಸಾಲಾಗಿಟ್ಟರೆ ನೂರೂ ನಿಂತಿರುತ್ತವೆ. ಹಾಕಿದ ಎಣ್ಣೆ ಒಳಗೇ ಗಟ್ಟಿಯಾಗುತ್ತದೆ. ಕಟ್ಟಿಕೊಳ್ಳಲು ಸಾಧ್ಯವಾಗುವಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಕಟ್ಟಿಕೊಳ್ಳುವವರಿಗೆ ಕೊಡುವುದು ಮೇಲು. ಅತ್ತೆಯ ಮಗ ಇನ್ನೂ ತೀರ್ಮಾನಿಸಿಲ್ಲ. ಮದುಮಗನನ್ನೇ ಕೇಳಿದೆವು. ಅವನು ವಾಚನ್ನು ಕಿವಿಗೆ ಹಿಡಿದು, ‘ಇದಕ್ಕೆ ದಿನಾ ಕೀ ಕೊಡಬೇಕಾ?’ ಎಂದ. ಹೌದು ಎಂದೆ. ಬಣ್ಣದ ಮಾತು ಅವನು ಎತ್ತಲಿಲ್ಲ.