ರಾಜಕೀಯ ವಿಡಂಬನೆಯೂ ಅದರ ಪ್ರೇಕ್ಷಕನೂ

ವಿಡಂಬನೆಯನ್ನು ಕುರಿತು ವಿಚಾರಮಾಡುವಾಗ ನಾವು ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತೇವೆ: ಒಬ್ಬನು ವಿಡಂಬನಕಾರ, ಇನ್ನೊಬ್ಬನು ಅವನ ಬಾಣಕ್ಕೆ ಗುರಿಯಾದವನು. ಇವರಿಬ್ಬರನ್ನೂ ನೋಡುತ್ತ ಕುಳಿತು ನಗುವ ಮೂರನೆಯವನೊಬ್ಬನಿದ್ದಾನೆ. ಕಾವ್ಯಮೀಮಾಂಸೆಯಲ್ಲಿ ಸಹೃದಯನಿಗೆ ಅಷ್ಟು ಎತ್ತರದ ಪೀಠವನ್ನು ಕೊಟ್ಟಿರುವ ನಾವು ವಿಡಂಬನೆಯ ಮಾತು ಬಂದೊಡನೆ ಇವನನ್ನು ಮರೆತುಬಿಡುತ್ತೇವೆ. ಇವನ ಸ್ವರೂಪವನ್ನು ನಿರ್ಣಯಿಸುವ ಕೆಲಸವನ್ನು ಪತ್ರಿಕೆಗಳಿಗೂ ದೂರದರ್ಶನಕ್ಕೂ ಬಿಟ್ಟುಕೊಟ್ಟಿದ್ದೇವೆ. ಅವು ಮಾಡಿರುವ ನಿರ್ಣಯ ಎಂಥದು ಎಂಬುದನ್ನು ಅಮೆರಿಕದ ಒಂದು ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಮೆರಿಕವನ್ನೇ ಆರಿಸಿಕೊಂಡುದಕ್ಕೆ ಕಾರಣ ಸರಳವಾದುದು: ಅಲ್ಲಿ ಈ ಪ್ರೇಕ್ಷಕನನ್ನು ಕುರಿತು ಧಾರಾಳವಾಗಿ ಆಡಿದ ಮಾತುಗಳೂ ಉಂಟು, ಆ ಮಾತುಗಳನ್ನು ಒರೆಗೆ ಹಚ್ಚಿದ ಸಮೀಕ್ಷೆಗಳೂ ಉಂಟು.

‘ದಿ ಡೈಲಿ ಷೋ’ ಎಂಬುದು ಕಾಮೆಡಿ ಸೆಂಟ್ರಲ್ ವಾಹಿನಿಯಲ್ಲಿ 1996ರಲ್ಲಿ ಆರಂಭವಾದ, ಸುದ್ದಿವಾಚನದ ಗಾಂಭೀರ್ಯವನ್ನೇ ಅಣಕಿಸುವ ಕಾರ್ಯಕ್ರಮ. 1999ರಲ್ಲಿ ಜಾನ್ ಸ್ಟೂವರ್ಟರು ಅದರ ನಿರೂಪಕರಾದರು. 2015ರವರೆಗೆ ನಡೆದ ಅವರ ಮೊದಲ ಅವಧಿಯಲ್ಲಿ ಅದು ರಾಜಕೀಯ ವಿಡಂಬನೆಯ ಮುಖ್ಯ ವೇದಿಕೆಯಾಗಿ ಬೆಳೆಯಿತು. 2004ರ ಅಧ್ಯಕ್ಷೀಯ ಚುನಾವಣೆಗೆ ಕೆಲವು ವಾರಗಳಿರುವಾಗ, ಸೆಪ್ಟೆಂಬರಿನಲ್ಲಿ, ಸ್ಟೂವರ್ಟರು ಫಾಕ್ಸ್ ನ್ಯೂಸ್ ವಾಹಿನಿಯ ಬಿಲ್ ಓರೈಲಿಯವರ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋದರು. ಓರೈಲಿಯವರು ಅತಿಥಿಯ ಎದುರಿಗೇ ಅವರ ಪ್ರೇಕ್ಷಕರನ್ನು ಅಮಲಿನಲ್ಲಿ ಬಿದ್ದಿರುವ ಸೋಮಾರಿಗಳೆಂದು ಕರೆದು, ಇಂಥವರಿಗೂ ಮತ ಹಾಕುವ ಹಕ್ಕಿದೆಯಲ್ಲ ಎಂದು ಗಾಬರಿಯನ್ನು ವ್ಯಕ್ತಪಡಿಸಿದರು.

ಇದು ತಮಾಷೆಯ ಧಾಟಿಯಲ್ಲಿ ಆಡಿದ ಮಾತೆಂಬುದು ನಿಜ. ಆದರೂ ಆ ಮಾತಿನ ಭಾರವೆಲ್ಲ ಎಲ್ಲಿ ಬಿದ್ದಿದೆಯೆಂಬುದನ್ನು ಗಮನಿಸಬೇಕು. ಅಮಲು, ಸೋಮಾರಿತನ ಇವು ಬರಿಯ ವಿಶೇಷಣಗಳು. ವಾಕ್ಯದ ಮುಳ್ಳಿರುವುದು ಮತದ ಹಕ್ಕಿನಲ್ಲಿ. ನಗುವವನು ಅಜ್ಞಾನಿ, ಅಜ್ಞಾನಿಯ ಮತ ಅಪಾಯಕರ ಎಂಬ ಅನುಮಾನಸರಣಿಯೊಂದು ಇಲ್ಲಿ ಅಡಗಿದೆ.

ಈ ಚಿತ್ರಕ್ಕೆ ನೆಲ ಆಗಲೇ ಹದವಾಗಿತ್ತು. ಅದೇ ವರ್ಷದ ಜನವರಿಯಲ್ಲಿ ಪ್ಯೂ ಸಂಶೋಧನ ಕೇಂದ್ರವು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 30 ವರ್ಷಕ್ಕೆ ಒಳಗಿನವರಲ್ಲಿ ಶೇ. 21ರಷ್ಟು ಜನ ಚುನಾವಣೆಯ ವಿಷಯವನ್ನು ಹಾಸ್ಯ ಕಾರ್ಯಕ್ರಮಗಳಿಂದ ತಾವು ನಿಯತವಾಗಿ ತಿಳಿದುಕೊಳ್ಳುವುದಾಗಿ ಹೇಳಿದ್ದರು. 2000ದಲ್ಲಿ ಈ ಪ್ರಮಾಣ ಶೇ. 9 ಇದ್ದಿತು. ‘ಇದರಿಂದಲೂ ತಿಳಿಯುತ್ತೇವೆ’ ಎಂಬುದು ಉತ್ತರ. ಪತ್ರಿಕಾ ಚರ್ಚೆಯಲ್ಲಿ ಅದು ‘ಇದರಿಂದ ಮಾತ್ರವೇ ತಿಳಿಯುತ್ತಾರೆ’ ಎಂದು ಮಾರ್ಪಟ್ಟಿತು. ಒಂದು ‘ಊ’ಕಾರ ಹೋಗಿ ಅದರ ಸ್ಥಾನದಲ್ಲಿ ‘ಏ’ಕಾರ ಬಂದು ಕುಳಿತರೆ ಒಂದು ತಲೆಮಾರಿನ ಚಾರಿತ್ರ್ಯವೇ ಬದಲಾಗುವುದನ್ನು ವ್ಯಾಕರಣದ ಅಧ್ಯಾಪಕರು ಆಸಕ್ತಿಯಿಂದ ನೋಡಬಹುದು.

ಓರೈಲಿಯವರ ಮಾತಿನ ಹಿಂದೆಯೇ, ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಅನೆನ್‌ಬರ್ಗ್ ಚುನಾವಣಾ ಸಮೀಕ್ಷೆಯ ಫಲಿತಾಂಶ ಹೊರಬಿದ್ದಿತು. 2004ರ ಜುಲೈ ಮಧ್ಯದಿಂದ ಸೆಪ್ಟೆಂಬರಿನವರೆಗೆ 19,000ಕ್ಕೂ ಹೆಚ್ಚು ವಯಸ್ಕರನ್ನು ಸಂದರ್ಶಿಸಿ, ಚುನಾವಣೆಗೆ ಸಂಬಂಧಿಸಿದ ಆರು ಪ್ರಶ್ನೆಗಳನ್ನು ಕೇಳಲಾಗಿತ್ತು. ರಾತ್ರಿಯ ಹಾಸ್ಯ ಕಾರ್ಯಕ್ರಮಗಳಾವುದನ್ನೂ ನೋಡದವರು ಸರಾಸರಿ 2.62 ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟರೆ, ಲೆಟರ್‌ಮನ್ ಮತ್ತು ಲೆನೊ ಅವರ ಪ್ರೇಕ್ಷಕರು ಮೂರಕ್ಕೆ ಸ್ವಲ್ಪ ಕಡಮೆ, ‘ಡೈಲಿ ಷೋ’ ಪ್ರೇಕ್ಷಕರು 3.59. ವಿದ್ಯಾಭ್ಯಾಸ, ಪಕ್ಷನಿಷ್ಠೆ, ಸುದ್ದಿಯ ಆಸಕ್ತಿ ಮುಂತಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಮೇಲೂ ಈ ವ್ಯತ್ಯಾಸ ಉಳಿಯಿತು. ಈ ಜ್ಞಾನಕ್ಕೆ ಕಾರ್ಯಕ್ರಮವೇ ಕಾರಣವೆಂದು ಹೇಳಲಾಗದೆಂಬ ಎಚ್ಚರಿಕೆಯನ್ನೂ ಸಮೀಕ್ಷಕರು ಕೊಟ್ಟಿದ್ದರು. ಇದು ಯುಕ್ತವೇ ಸರಿ. ಅಣಕವು ರಸವತ್ತಾಗಬೇಕಾದರೆ ಮೂಲ ಗೊತ್ತಿರಬೇಕು. ಹಿಂದಿನ ದಿನ ಸೆನೆಟಿನಲ್ಲಿ ನಡೆದುದನ್ನು ಅರಿಯದವನಿಗೆ ಮರುದಿನದ ಹಾಸ್ಯ ಬರಿಯ ಮುಖಚೇಷ್ಟೆ. ತಿಳಿದವರು ಅಲ್ಲಿಗೆ ಹೋಗುತ್ತಿದ್ದರೋ, ಅಲ್ಲಿಗೆ ಹೋದವರು ತಿಳಿದವರಾದರೋ ಎಂಬುದನ್ನು ಇಂಥ ಅಂಕಿಗಳು ಇತ್ಯರ್ಥಮಾಡಲಾರವು.

ಇಲ್ಲಿಗೆ ವಾದ ಮುಗಿದು ಪ್ರೇಕ್ಷಕನು ನಿರ್ದೋಷಿಯಾದನೆಂದು ತೋರಬಹುದು. ನಮಗಾದರೋ ಅವನ ಪರವಾಗಿ ಹೂಡಿದ ವಾದವೇ ಹೆಚ್ಚು ಶಂಕಾಸ್ಪದವಾಗಿ ಕಾಣುತ್ತದೆ. ಕಾಮೆಡಿ ಸೆಂಟ್ರಲ್ ವಾಹಿನಿಯು ಪ್ರೇಕ್ಷಕಗಣನೆಯ ಅಂಕಿಗಳನ್ನು ಮುಂದೊಡ್ಡಿ, ನಾಲ್ಕು ವರ್ಷಗಳ ಕಾಲೇಜು ಶಿಕ್ಷಣ ಮುಗಿಸಿದವರು ಓರೈಲಿಯವರ ಪ್ರೇಕ್ಷಕರಿಗಿಂತ ತನ್ನವರಲ್ಲೇ ಹೆಚ್ಚೆಂದು ಉತ್ತರ ಕೊಟ್ಟಿತು. ಉತ್ತರ ಚುರುಕಾಗಿದೆ, ಪತ್ರಿಕೆಗಳೂ ಅದನ್ನು ಸಂತೋಷದಿಂದ ಅಚ್ಚುಹಾಕಿದವು. ಆದರೆ ಪೂರ್ವಪಕ್ಷದ ಆಧಾರಸೂತ್ರವನ್ನು ಈ ಉತ್ತರ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದೆ. ಪದವಿಯಿಲ್ಲದವನು ಅದೇ ಹಾಸ್ಯಕ್ಕೆ ನಕ್ಕಿದ್ದರೆ ಅವನ ಮತಕ್ಕೆ ಬೆಲೆ ಕಡಮೆಯಾಗುತ್ತಿದ್ದಿತೆ? ‘ನಿನ್ನ ಪ್ರೇಕ್ಷಕ ಮೂರ್ಖ’ ಎಂಬುದಕ್ಕೆ ‘ನಿನ್ನವನೇ ಹೆಚ್ಚು ಮೂರ್ಖ’ ಎಂಬುದು ಪ್ರತ್ಯುತ್ತರವಾದೀತೇ ಹೊರತು ಖಂಡನೆಯಾಗದು. ಒಂದು ಅಚ್ಚಿನ ಗೊಂಬೆಯ ಜಾಗದಲ್ಲಿ ಮತ್ತೊಂದು ಬಂದಿತು, ಅಷ್ಟೆ.

ನಗುವವರನ್ನು ಹೀಗೆ ಮೇಲುಕೀಳಾಗಿ ಜೋಡಿಸುವ ಚಪಲ ಪಶ್ಚಿಮದವರದೇ ಅಲ್ಲ. ನಾಟ್ಯಶಾಸ್ತ್ರದಲ್ಲಿ ಭರತನು ಸ್ಮಿತ, ಹಸಿತಗಳನ್ನು ಉತ್ತಮರಿಗೂ, ವಿಹಸಿತ, ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ, ಅತಿಹಸಿತಗಳನ್ನು ಅಧಮರಿಗೂ ಹಂಚಿಕೊಟ್ಟಿದ್ದಾನೆ. ಅವನು ಹೇಳಿರುವುದು ರಂಗದ ಮೇಲಿನ ಪಾತ್ರಗಳನ್ನು ಕುರಿತು, ಸಭೆಯಲ್ಲಿ ಕುಳಿತವರನ್ನು ಕುರಿತಲ್ಲ. ಈ ಭೇದವನ್ನು ಮರೆಯಬಾರದು. ಹಲ್ಲು ಕಾಣಿಸದಂತೆ ನಗುವವನೇ ದೊಡ್ಡವನೆಂಬ ಎಣಿಕೆ ಮಾತ್ರ ಸಭೆಗೂ ಇಳಿದುಬಂದಿದೆ ಎನ್ನಬೇಕಾಗುತ್ತದೆ.

ಅಜ್ಞಾನದ ಆರೋಪ ಬಿದ್ದುಹೋದಮೇಲೆ ಸಿನಿಕತನದ ಆರೋಪ ಎದ್ದಿತು. 2006ರಲ್ಲಿ ಬಾಮ್‌ಗಾರ್ಟ್ನರ್ ಮತ್ತು ಮಾರಿಸ್ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಆ ಕಾರ್ಯಕ್ರಮವನ್ನು ನೋಡಿದವರಲ್ಲಿ ಅಭ್ಯರ್ಥಿಗಳ ಬಗೆಗೂ ಚುನಾವಣಾ ವ್ಯವಸ್ಥೆಯ ಬಗೆಗೂ ಅವಿಶ್ವಾಸ ಹೆಚ್ಚಿದ್ದಿತು. ಜೊತೆಗೆ, ರಾಜಕೀಯವನ್ನು ತಾವು ಅರ್ಥಮಾಡಿಕೊಳ್ಳಬಲ್ಲೆವೆಂಬ ಆತ್ಮವಿಶ್ವಾಸವೂ ಹೆಚ್ಚಿದ್ದಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಈ ಪ್ರಬಂಧದ ಸುದ್ದಿಗೆ ಕೊಟ್ಟ ತಲೆಬರಹ, ಸ್ಟೂವರ್ಟರು ಪ್ರಜಾಪ್ರಭುತ್ವದ ಶತ್ರುವೆ ಎಂದು ಕೇಳುವಂಥದು. ಫಲಿತಾಂಶದ ಎರಡನೆಯ ಅರ್ಧಕ್ಕೆ ಆ ತಲೆಬರಹದಲ್ಲಿ ಸ್ಥಳವಿರಲಿಲ್ಲ.

ಎರಡು ಗೊಂಬೆಗಳನ್ನೂ ಒಟ್ಟಿಗೆ ಒಡೆಯುವ ಅಧ್ಯಯನವೆಂದರೆ 2009ರಲ್ಲಿ ಲಮಾರ್, ಲ್ಯಾಂಡ್ರೆವಿಲ್, ಬೀಮ್ ಎಂಬ ಮೂವರು ಪ್ರಕಟಿಸಿದ್ದು. ಅದರ ವಸ್ತು ಸ್ಟೀಫನ್ ಕೋಲ್ಬೇರರು 2005ರಿಂದ 2014ರವರೆಗೆ ನಡೆಸಿದ ‘ದಿ ಕೋಲ್ಬೇರ್ ರಿಪೋರ್’. ಆಡಂಬರದ ಸಂಪ್ರದಾಯವಾದಿ ವಾಗ್ಮಿಯೊಬ್ಬನ ವೇಷವನ್ನು ಧರಿಸಿ, ಅವನ ವಾದವನ್ನೇ ಉತ್ಸಾಹದಿಂದ ಮಂಡಿಸಿ, ಆ ಮೂಲಕ ಅದನ್ನು ಬಯಲಿಗೆಳೆಯುವುದು ಅವರ ತಂತ್ರ. ವೇಷದ ಮಾದರಿಗಳಲ್ಲಿ ಓರೈಲಿಯವರೇ ಮುಖ್ಯರು. ಉದಾರವಾದಿ ಪ್ರೇಕ್ಷಕರೂ ಸಂಪ್ರದಾಯವಾದಿ ಪ್ರೇಕ್ಷಕರೂ ಈ ನಟನೆಗೆ ಸಮನಾಗಿ ನಕ್ಕರೆಂದು ಅಧ್ಯಯನ ತೋರಿಸಿತು. ಆದರೆ ಅವರು ಹಾಸ್ಯಮಾಡುವಂತೆ ನಟಿಸುತ್ತಿದ್ದಾರೆ, ಆಡುವ ಮಾತು ಅವರ ನಿಜವಾದ ಅಭಿಪ್ರಾಯವೇ ಎಂದು ಭಾವಿಸುವ ಒಲವು ಸಂಪ್ರದಾಯವಾದಿಗಳಲ್ಲಿ ಹೆಚ್ಚಾಗಿದ್ದಿತು. ನಗೆಯ ಪ್ರಮಾಣ ಒಂದೇ, ನಕ್ಕ ಅರ್ಥಗಳು ಎರಡು.

ವಕ್ರೋಕ್ತಿಯ ಕಷ್ಟವೇ ಇದು. ವಾಚ್ಯಾರ್ಥವನ್ನು ಹಿಡಿದವನೂ ವ್ಯಂಗ್ಯಾರ್ಥವನ್ನು ಹಿಡಿದವನೂ ಒಂದೇ ಕ್ಷಣದಲ್ಲಿ, ಒಂದೇ ಸದ್ದಿನಲ್ಲಿ ನಗಬಲ್ಲರು. ಸದ್ದನ್ನು ಕೇಳಿದವನಿಗೆ ಇವರು ಒಂದೇ ಸಭೆಯಾಗಿ ತೋರುತ್ತಾರೆ. ಇಲ್ಲಿ ತಪ್ಪರ್ಥಕ್ಕೆ ಕಾರಣವಾದದ್ದು ದಡ್ಡತನವೆಂದು ಅಧ್ಯಯನ ಹೇಳುವುದಿಲ್ಲ. ಪ್ರೇಕ್ಷಕನು ಮೊದಲೇ ನಂಬಿದ್ದ ಪಕ್ಷವು ವಾಕ್ಯದ ಅರ್ಥವನ್ನು ಆರಿಸಿಕೊಟ್ಟಿತು. ಹಾಗೆ ನೋಡಿದರೆ, ಸಹೃದಯತ್ವವೆಂಬುದು ವಿದ್ಯೆಯಿಂದ ಬರುವ ಗುಣವೆಂದು ನಮ್ಮ ತರಗತಿಗಳಲ್ಲಿ ನಾವು ಊಹಿಸಿಕೊಂಡಿರುವುದನ್ನು ಈ ಒಂದು ಫಲಿತಾಂಶ ಸಾಕಷ್ಟು ಅಲುಗಿಸುತ್ತದೆ.

ಇಷ್ಟು ಮಾತ್ರ ಸೇರಿಸಬಹುದು. 2004ರ ಸಮೀಕ್ಷೆಯ ಆರು ಪ್ರಶ್ನೆಗಳೂ ಚುನಾವಣೆಯನ್ನು ಕುರಿತವು. ‘ನೀವು ನಕ್ಕದ್ದು ಯಾರನ್ನು ಕಂಡು?’ ಎಂಬುದು ಅವುಗಳಲ್ಲಿ ಇರಲಿಲ್ಲ.