ಕೊಟ್ಟೂರು ಸೀಮೆಯ ಪದಗಳು ಮತ್ತು ಧ್ವನಿಸುರುಳಿ

ಮಾಘ ಬಹುಳದಲ್ಲಿ ಶ್ರೀ ಗುರು ಕೊಟ್ಟೂರೇಶ್ವರನ ತೇರು ಸಮೀಪಿಸುತ್ತಿದ್ದಂತೆ ದಾವಣಗೆರೆಯ ಕಡೆಯಿಂದ ಹೊರಟ ಭಕ್ತಸಮೂಹವು ಹರಪನಹಳ್ಳಿ ಸೀಮೆಯ ಹೊಲಗಳ ನಡುವಣ ದಾರಿಗಳನ್ನು ಕಾಲ್ನಡಿಗೆಯಲ್ಲೇ ಸವೆಸಿ ಕೊಟ್ಟೂರನ್ನು ಸೇರುವ ಪದ್ಧತಿ ಇಂದಿಗೂ ಸಾಗಿ ಬಂದಿದೆ. ದಾರಿಯ ಊರಿನವರು ಚಪ್ಪರ ಹಾಕಿ ಮಜ್ಜಿಗೆ, ಮಂಡಕ್ಕಿ, ಅನ್ನ ಸಾರುಗಳ ದಾಸೋಹ ನಡೆಸುತ್ತಾರೆ. ಈ ನಡಿಗೆಯಲ್ಲಿ ಎರಡು ಬಗೆಯ ನಾದ ಕಿವಿಗೆ ಬೀಳುತ್ತದೆ. ಒಂದು, ತಾಳ ಹಿಡಿದು ನಡೆಯುತ್ತಲೇ ಹಾಡುವ ಭಜನೆಯ ಮೇಳದ್ದು. ಇನ್ನೊಂದು, ಗುಂಪಿನ ಜೊತೆ ಮೆಲ್ಲಗೆ ಸಾಗುವ ವಾಹನಕ್ಕೆ ಕಟ್ಟಿದ ಧ್ವನಿವರ್ಧಕದ್ದು. ಮೊದಲನೆಯದು ಅಸಲು, ಎರಡನೆಯದು ನಕಲು ಎಂದು ತೀರ್ಪು ಕೊಡುವುದು ಸುಲಭ. ಹಾಗೆ ಕೊಟ್ಟವರೂ ಅನೇಕರಿದ್ದಾರೆ. ಆದರೆ ಆ ವಾಹನದ ಹಿಂದೆ ನಡೆಯುವವರು ಬರಿದೆ ಕೇಳುತ್ತ ಹೋಗುವುದಿಲ್ಲ. ಪಲ್ಲವಿ ಬಂದಾಗ ಅವರೂ ದನಿಗೂಡಿಸುತ್ತಾರೆ, ದನಿಗೂಡಿಸಲು ಎಡೆಯಿಲ್ಲದ ಕಡೆ ಸುಮ್ಮನಾಗುತ್ತಾರೆ. ಧ್ವನಿಸುರುಳಿಯ ಜಾನಪದವನ್ನು ಕುರಿತು ಯೋಚಿಸುವವರು ತೊಡಗಬೇಕಾದುದು ಈ ದನಿಗೂಡಿಸುವಿಕೆಯಿಂದ ಮತ್ತು ಈ ಸುಮ್ಮನಾಗುವಿಕೆಯಿಂದ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 2021ರಲ್ಲಿ ಈ ಜಿಲ್ಲೆ ರೂಪುಗೊಳ್ಳುವವರೆಗೆ ಅವು ಬಳ್ಳಾರಿಗೆ ಸೇರಿದ್ದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿ ಬಂದಿತು. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ಹಾಡಿನ ಸೀಮೆ ಸರಿದಾಡಲಿಲ್ಲ. ಹಿಂದೆ ಶಿಖಾಪುರವೆನಿಸಿದ್ದ ಕೊಟ್ಟೂರಿನ ಗುರುಬಸವ, ಅರಸೀಕೆರೆಯ ಕೋಲಶಾಂತೇಶ, ನಾಯಕನಹಟ್ಟಿಯ ತಿಪ್ಪೇರುದ್ರ ಮೊದಲಾದ ಪಂಚಗಣಾಧೀಶ್ವರರನ್ನು ಒಂದೇ ಉಸಿರಿನಲ್ಲಿ ನೆನೆಯುವ ಪದಗಳಿಗೆ ಜಿಲ್ಲೆ ಗೊತ್ತಿಲ್ಲ, ಗುರುಗಳು ನಡೆದ ದಾರಿ ಗೊತ್ತು. ಇದರ ಜೊತೆಗೆ ಉಜ್ಜಿನಿಯ ಸದ್ಧರ್ಮಪೀಠದ ಪರಿಸರದ ಮರುಳಸಿದ್ಧನ ಕಥನ, ಮೈಲಾರದ ಗೊರವರ ಪದ, ಕೂಡ್ಲಿಗಿ ಕಡೆಯ ಮ್ಯಾಸಬೇಡರ ವೀರರ ಕಥೆ, ಉಚ್ಚಂಗಿದುರ್ಗದ ಅಮ್ಮನಿಗೆ ನಡೆದುಕೊಳ್ಳುವ ಜೋಗತಿಯರ ಚೌಡಿಕೆ ಪದ, ಪುರವಂತರ ಒಡಪು, ಹೆಣ್ಣುಮಕ್ಕಳ ಬೀಸುವ ಪದ, ಸೋಬಾನೆ, ಕಣದ ಹಂತಿ ಪದ – ಇಷ್ಟೂ ಈ ಐದು ತಾಲ್ಲೂಕುಗಳ ಸೊತ್ತು. ಜಾತ್ರೆಯ ಅಂಗಡಿಗಳಲ್ಲಿ ಬತ್ತಾಸು ಬೆಂಡಿನ ಪಕ್ಕದಲ್ಲೇ ಮಾರಾಟಕ್ಕೆ ಬಂದ ಧ್ವನಿಸುರುಳಿಗಳು ಕೈಹಾಕಿದ್ದು ಈ ರಾಶಿಗೆ.

ಹಾಡನ್ನು ಹಿಡಿದಿಡುವ ಕೆಲಸ ಧ್ವನಿಸುರುಳಿಯಿಂದ ಮೊದಲಾಗಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಮಾಡಿಸಿದಾಗ ಬೀಸುವ ಕಲ್ಲಿನ ಸದ್ದನ್ನು ಬಿಟ್ಟು ಮಾತನ್ನು ಮಾತ್ರ ತಂದರು. ಅದರಿಂದ ಕನ್ನಡ ಕಾವ್ಯಕ್ಕೆ ಆದ ಲಾಭವನ್ನು ಯಾರೂ ಅಲ್ಲಗಳೆಯರು. ರಾಗವೂ ರಟ್ಟೆಯ ಬಲವೂ ಪುಟದ ಹೊರಗೇ ಉಳಿದವೆಂಬುದೂ ಅಷ್ಟೇ ನಿಜ. ಹಳೆಯ ಗ್ರಾಮಫೋನಿನ ತಟ್ಟೆ ರಾಗವನ್ನು ತಂದಿತು, ಆದರೆ ಅದರ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಷ್ಟೇ ಹಿಡಿಯುತ್ತಿದ್ದವು. 1963ರಲ್ಲಿ ಯುರೋಪಿನಲ್ಲಿ ಹುಟ್ಟಿ, 1980ರ ದಶಕದ ಹೊತ್ತಿಗೆ ನಮ್ಮ ಹಳ್ಳಿಗಳ ಚಹದಂಗಡಿಯವರೆಗೆ ಬಂದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ಅರ್ಧ ತಾಸು ದೊರೆಯಿತು. ಇಂದು ಕೈಯೊಳಗಿನ ಮೊಬೈಲಿನಲ್ಲಿ ಕಾಲದ ಕಟ್ಟೇ ಇಲ್ಲ. ವಿಚಿತ್ರವೆಂದರೆ ಕಟ್ಟು ಬಿಚ್ಚಿದ ಮೇಲೂ ಹಾಡು ಉದ್ದವಾಗಲಿಲ್ಲ. ಐದಾರು ನಿಮಿಷಗಳ ತುಂಡುಗಳನ್ನೇ ಪದವೆಂದು ಕೇಳುವ ಅಭ್ಯಾಸ ಕಿವಿಗೆ ಹತ್ತಿಬಿಟ್ಟಿದೆ.

ಪದದ ಕಟ್ಟಡವನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯ. ಈ ಸೀಮೆಯ ಭಜನೆಯಲ್ಲಿ ಮುಮ್ಮೇಳದವನು ನುಡಿ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ನುಡಿ ಮುಂದೆ ಸಾಗುತ್ತದೆ, ಸೊಲ್ಲು ಇದ್ದಲ್ಲಿಗೇ ಮರಳುತ್ತದೆ. ನುಡಿಯನ್ನು ಬಲ್ಲವರು ಊರಿಗೆ ಒಬ್ಬಿಬ್ಬರು; ಸೊಲ್ಲು ಮಾತ್ರ ಊರಿನ ಎಲ್ಲರದು, ಅಂದೇ ಮೊದಲು ಕೇಳಿದ ಮಗುವಿನದೂ ಹೌದು. ಸೊಲ್ಲು ಹಿಡಿಯುವಷ್ಟು ಹೊತ್ತು ಮುಮ್ಮೇಳದವನಿಗೆ ಉಸಿರು ಸಿಕ್ಕುತ್ತದೆ, ಮುಂದಿನ ನುಡಿ ನೆನಪಾಗುತ್ತದೆ, ಎದುರಿಗೆ ಕುಳಿತವರ ಮುಖ ನೋಡಿ ಒಂದು ನುಡಿಯನ್ನು ಸೇರಿಸುವ ಇಲ್ಲವೆ ಕೈಬಿಡುವ ಅವಕಾಶ ದೊರೆಯುತ್ತದೆ. ಎಂದಮೇಲೆ ಸೊಲ್ಲನ್ನು ಹಾಡಿಗೆ ತೊಡಿಸಿದ ಒಡವೆಯೆಂದು ತಿಳಿಯುವುದು ತಪ್ಪು, ಹಾಡು ಉಸಿರಾಡುವುದೇ ಅದರ ಮೂಲಕ.

ಮಾರಾಟಕ್ಕೆಂದು ಸಿದ್ಧವಾದ ಎಷ್ಟೋ ಧ್ವನಿಸುರುಳಿಗಳು ಎಡವಿದ್ದು ಇಲ್ಲಿಯೇ. ಸೊಲ್ಲಿನ ಜಾಗದಲ್ಲಿ ಕೀಬೋರ್ಡಿನ ಗತ್ತು ಬಂದಿತು, ತಾಳದ ಸಂದಿಗಳನ್ನು ರಿದಂ ಪ್ಯಾಡು ಮುಚ್ಚಿತು. ಸೊಲ್ಲನ್ನು ಉಳಿಸಿಕೊಂಡ ಕಡೆಯೂ ನಗರದ ಸಮೂಹಗಾಯಕರು ಅದನ್ನು ಎಷ್ಟು ನುಣುಪಾಗಿ ಹಾಡಿದರೆಂದರೆ ಕೇಳುಗನಿಗೆ ಅಲ್ಲಿ ಬಾಯಿ ಹಾಕಲು ಸಂಕೋಚವಾಗಬೇಕು. ಎಲ್ಲ ಕಡೆಯೂ ಮಾರಾಟವಾಗಲೆಂದು ಊರ ಹೆಸರುಗಳನ್ನು ಕೈಬಿಟ್ಟದ್ದು ಇನ್ನೊಂದು ನಷ್ಟ. ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಹಲವು ಊರುಗಳು ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಜಾಗ ಬಿಟ್ಟುಕೊಟ್ಟವು. ಅಂಥ ಊರಿನ ಹೆಸರು ಒಂದು ಪದದ ನುಡಿಯಲ್ಲಿ ಉಳಿದಿದ್ದರೆ ಅದು ಭೂಪಟದಲ್ಲಿಲ್ಲದ ದಾಖಲೆ. ಅದನ್ನು ತೆಗೆದು ‘ಚೆಲುವಾದ ಊರು’ ಎಂದು ಸೇರಿಸುವ ಸಂಪಾದಕನಿಗೆ ತಾನು ಅಳಿಸಿದ್ದು ಏನೆಂಬುದರ ಅರಿವಿರುವುದಿಲ್ಲ.

ಇಷ್ಟು ಹೇಳಿದ ಬಳಿಕ ಮನೆಯೊಳಗಿನ ಸ್ಥಿತಿಯನ್ನೂ ನೋಡಬೇಕು. ಬೀಸುವ ಕಲ್ಲು ಮೂಲೆ ಸೇರಿ ಎರಡು ತಲೆಮಾರಾಯಿತು. ಹಿಟ್ಟಿನ ಗಿರಣಿ ಬಂದಾಗ ಹೆಣ್ಣುಮಕ್ಕಳ ರಟ್ಟೆಯ ನೋವು ಕಡಿಮೆಯಾಯಿತೆಂಬುದನ್ನು ಮರೆತು, ಪದ ಹೋಯಿತೆಂದು ಮರುಗುವುದು ಗಂಡಸರಿಗೆ ಮಾತ್ರ ಸಾಧ್ಯವಾಗುವ ರಸಿಕತೆ. ಹಂತಿಯ ಮಾತೂ ಅಷ್ಟೇ. ರಾತ್ರಿಯ ಬೆಳುದಿಂಗಳಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುವಾಗ, ಎತ್ತಿಗೂ ಮನುಷ್ಯನಿಗೂ ತೂಕಡಿಕೆ ಬಾರದಿರಲೆಂದು ಹುಟ್ಟಿದ ಪದಗಳವು. ಜೋಳದ ರಾಶಿಯನ್ನು ಯಂತ್ರ ಒಂದು ಗಳಿಗೆಯಲ್ಲಿ ಮುಗಿಸುವಲ್ಲಿ ಆ ಪದಕ್ಕೆ ಕೆಲಸವಿಲ್ಲ. ಕೆಲಸ ಕಳೆದುಕೊಂಡ ಪದಕ್ಕೆ ಧ್ವನಿಸುರುಳಿಯು ಕೊಟ್ಟ ಆಸರೆ ಚಿಕ್ಕದಲ್ಲ. ಮುಂಜಾನೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸೊಸೆ ಹಚ್ಚಿಟ್ಟ ಪದವನ್ನು ಕಟ್ಟೆಯ ಮೇಲೆ ಕುಳಿತ ಮುದುಕಿ ಕೇಳುತ್ತ ತುಟಿಯಾಡಿಸುತ್ತಾಳೆ. ಕೆಲವೊಮ್ಮೆ ‘ಇದು ಹಿಂಗಲ್ಲ, ನಮ್ಮ ತವರಿನಾಗ ಬ್ಯಾರೆ ಅಂತಿದ್ರು’ ಎಂದು ತಿದ್ದುತ್ತಾಳೆ. ಧ್ವನಿಸುರುಳಿಯ ಬಗೆಗೆ ಬಂದಿರಬಹುದಾದ ವಿಮರ್ಶೆಗಳಲ್ಲಿ ಈ ತಿದ್ದುಪಡಿಗಿಂತ ಬೆಲೆಯುಳ್ಳದ್ದು ವಿರಳ. ಯಂತ್ರ ತಪ್ಪು ಹಾಡಿದ್ದರಿಂದ ಮುದುಕಿಯ ಬಾಯಲ್ಲಿದ್ದ ಪಾಠಾಂತರ ಹೊರಬಿದ್ದಿತು. ಅದನ್ನು ಸೊಸೆ ಕಲಿತಳೋ ಇಲ್ಲವೋ ಎಂಬಲ್ಲಿ ಪರಂಪರೆಯ ಅಳಿವು ಉಳಿವು ನಿಂತಿದೆ. ಆ ಹೊಣೆಯನ್ನು ಯಂತ್ರದ ಮೇಲೆ ಹೊರಿಸಲಾಗದು.

ದಾರಿಯ ಆಲಿಕೆ ಮನೆಯ ಆಲಿಕೆಗಿಂತ ಭಿನ್ನ. ಮನೆಯಲ್ಲಿ ಪದ ಕೆಲಸದ ಹಿನ್ನೆಲೆಯಾಗುತ್ತದೆ, ದಾರಿಯಲ್ಲಿ ಅದು ಹೆಜ್ಜೆಗೆ ಅಳತೆಯಾಗುತ್ತದೆ. ಪಾದಯಾತ್ರೆಯ ರಾತ್ರಿಯಲ್ಲಿ ಕಾಲು ಬೊಬ್ಬೆಯೆದ್ದವರು ನಡೆಯಲಾರೆವೆಂದು ಕುಳಿತಾಗ ಎಬ್ಬಿಸುವುದು ಪದದ ಲಯವೇ. ಅಲ್ಲಿ ಅತಿ ವೇಗದ ಗತ್ತಿನ ಹಾಡು ಉಪಯೋಗಕ್ಕೆ ಬಾರದು. ಆ ವೇಗಕ್ಕೆ ಕುಣಿಯಬಹುದು, ಹತ್ತಾರು ಮೈಲಿ ನಡೆಯಲಾಗದು. ಯಾತ್ರಿಕರು ಹುಡುಗರಿಗೆ ಹೇಳಿ ಅಂಥ ಹಾಡನ್ನು ಬದಲಾಯಿಸಿ ನಿಧಾನದ ಪದವನ್ನು ಹಾಕಿಸುವುದುಂಟು. ಪಂಡಿತರ ನೆರವಿಲ್ಲದೆ ಕಾಲುಗಳೇ ಮಾಡುವ ಈ ಆಯ್ಕೆ ಗಮನಾರ್ಹವಾದುದು. ಇನ್ನೊಂದು ದಾರಿಯೂ ಇದೆ; ಅದರಲ್ಲಿ ಸಂಭ್ರಮವಿಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಿಂದ ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೊರಡುವ ಕುಟುಂಬಗಳು ಗಂಟುಮೂಟೆಯ ಜೊತೆ ಕೊಟ್ಟೂರೇಶನ ಪದಗಳನ್ನೂ ಒಯ್ಯುತ್ತವೆ. ಕಟ್ಟಡದ ಮಗ್ಗುಲಿನ ತಗಡಿನ ಗುಡಿಸಲಲ್ಲಿ ಸಂಜೆ ಆ ಪದ ಕೇಳುವವನಿಗೆ ಕೀಬೋರ್ಡು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಪ್ರಶ್ನೆ ಏಳುವುದಿಲ್ಲ. ಮೇಲೆ ಹೇಳಿದ ದೋಷಗಳೆಲ್ಲ ಇದ್ದೂ ಆ ಸುರುಳಿ ಅವನ ಪಾಲಿಗೆ ಗುರುವಿನ ಸನ್ನಿಧಿ. ವಿಮರ್ಶೆ ಇಲ್ಲಿ ತನ್ನ ದನಿಯನ್ನು ಸ್ವಲ್ಪ ತಗ್ಗಿಸಬೇಕಾಗುತ್ತದೆ.

ಶರಣರು ಸ್ಥಾವರ ಜಂಗಮಗಳ ವಿವೇಕವನ್ನು ಕಲಿಸಿದ್ದಾರೆ. ಧ್ವನಿಸುರುಳಿ ಸ್ಥಾವರ, ಬಾಯ ಪದ ಜಂಗಮ ಎಂದು ವಿಭಾಗಿಸುವ ಮನಸ್ಸಾಗುವುದು ಸಹಜ. ಆದರೆ ಗುಳೆಯವನ ಗಂಟಿನಲ್ಲಿ ಊರೂರು ತಿರುಗುವ ಸುರುಳಿ ಸ್ಥಾವರವೇ? ವರ್ಷಕ್ಕೊಮ್ಮೆ ವೇದಿಕೆಯೇರಿ, ಹೋದ ವರ್ಷದ ಹತ್ತು ನುಡಿಗಳನ್ನೇ ಅಕ್ಷರ ಬಿಡದೆ ಒಪ್ಪಿಸುವ ಮೇಳ ಜಂಗಮವೇ? ಚಲನೆ ವಸ್ತುವಿನಲ್ಲಿಲ್ಲ, ಅದನ್ನು ಬರಮಾಡಿಕೊಳ್ಳುವ ಭಾವದಲ್ಲಿದೆ ಎಂದರೆ ಶರಣರ ಆಶಯಕ್ಕೆ ಹತ್ತಿರವಾದೀತು.

ಧ್ವನಿಸುರುಳಿ ಮುಟ್ಟಲಾಗದ ಎಡೆಗಳೂ ಉಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಬಳಿಕ ನಡೆಯುವ ಕಾರಣಿಕವನ್ನು ನೆನೆಯಬಹುದು. ಡಮರುಗದ ಸದ್ದು, ‘ಏಳುಕೋಟಿ’ಯ ಘೋಷ, ಬಂಡಿಗಳ ಗದ್ದಲ ತುಂಬಿದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಮುಂದಿನ ಒಂದು ನುಡಿಯ ಅರ್ಥವನ್ನು ವರ್ಷವಿಡೀ ಬಿಡಿಸುತ್ತಾರೆ. ಆ ನುಡಿಯನ್ನು ಮುದ್ರಿಸಬಹುದು, ಹಲವರು ಮುದ್ರಿಸಿಯೂ ಇದ್ದಾರೆ. ಆದರೆ ಅದಕ್ಕೆ ಮೊದಲಿನ ಮೌನವು ಮುದ್ರಿಕೆಯಲ್ಲಿ ಬರಿಯ ಖಾಲಿ ಜಾಗವಾಗಿ ಕೇಳಿಸುತ್ತದೆ. ಮರಡಿಯ ಮೇಲೆ ನಿಂತವನಿಗೆ ಅದೇ ಕಾರಣಿಕದ ಅರ್ಧ ಪಾಲು.

ವಸ್ತುವಿನ ಆಯ್ಕೆಯಲ್ಲಿಯೂ ವಿಚಾರಾರ್ಹವಾದ ಒಂದು ಅಂಶವಿದೆ. ಗುರುಗಳನ್ನು ಕುರಿತ ಪದಗಳಲ್ಲಿ ಪವಾಡದ ಕಥೆಗಳೂ ಇವೆ, ಕಾಯಕ ದಾಸೋಹಗಳ ಬೋಧೆಯೂ ಇದೆ, ಏಕತಾರಿಯ ಮೇಲೆ ನಡುರಾತ್ರಿ ಹಾಡುವ ತತ್ತ್ವಪದಗಳ ಅನುಭಾವವೂ ಇದೆ. ಸುರುಳಿಗಳು ಹೆಚ್ಚಾಗಿ ಆರಿಸಿಕೊಂಡದ್ದು ಪವಾಡವನ್ನು. ಪವಾಡಕ್ಕೆ ಕಥೆಯಿದೆ, ಕಥೆಗೆ ಗಿರಾಕಿಯಿದ್ದಾನೆ. ಪರಿಣಾಮವಾಗಿ, ಸುರುಳಿಗಳನ್ನಷ್ಟೇ ಕೇಳಿ ಬೆಳೆದ ತರುಣನಿಗೆ ಗುರುವೆಂದರೆ ಬೇಡಿದ್ದನ್ನು ಕೊಡುವ ದೇವರು ಎಂಬಷ್ಟೇ ತಿಳಿವಳಿಕೆ ಉಳಿಯುವ ಅಪಾಯವಿದೆ. ಕೊಟ್ಟೂರಿನ ತೇರಿನ ದಿನ ದಲಿತ ಹೆಣ್ಣುಮಕ್ಕಳು ಆರತಿ ಬೆಳಗಿದ ಮೇಲೆ ಸ್ವಾಮಿಯು ತೇರಿನತ್ತ ಸಾಗುವ ಸಂಪ್ರದಾಯವಿದೆ. ತೇರಿನ ವೈಭವವನ್ನು ಹಾಡುವ ಸುರುಳಿಗಳಲ್ಲಿ ಈ ಆರತಿಗೆ ಎಷ್ಟು ನುಡಿಗಳ ಎಡೆ ಸಿಕ್ಕಿದೆಯೆಂದು ಆಸಕ್ತರು ಲೆಕ್ಕ ಹಾಕಿ ನೋಡಲಿ.

ಹಾಡಿದವರ ಹೆಸರಿನ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ. ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಕ್ಷರ ಕಲಿತವರಲ್ಲ. ಬುಡ್ಗಜಂಗಮರ ಬುರ್ರಕಥೆಯ ಪರಂಪರೆಯಲ್ಲಿ ಕುಮಾರರಾಮನ ಕಾವ್ಯವೂ ಸೇರಿದಂತೆ ಹಲವು ದೀರ್ಘ ಕಾವ್ಯಗಳನ್ನು ಕಂಠದಲ್ಲಿ ಹೊತ್ತಿದ್ದರು. 2014ರಲ್ಲಿ ಅವರು ತೀರಿಕೊಳ್ಳುವ ಮೊದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ಕಲೆಯನ್ನು ವೇದಿಕೆಗೆ ತಂದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಇವರ ಹೆಸರು ನಾಡಿಗೆ ಗೊತ್ತಾಯಿತು. ಆದರೆ ‘ಸಂಗ್ರಹ: ಜಾನಪದ’ ಎಂಬ ಎರಡು ಪದಗಳ ಹಿಂದೆ ಅಡಗಿಹೋದ ಮೇಳಗಳೆಷ್ಟೋ. ಸುರುಳಿಯ ಹೊದಿಕೆಯ ಮೇಲೆ ಸಂಗೀತ ಸಂಯೋಜಕನ ಭಾವಚಿತ್ರವಿದ್ದು, ಪದ ಕೊಟ್ಟ ಊರಿನ ಹೆಸರೂ ಇಲ್ಲದಿರುವುದನ್ನು ಸಣ್ಣ ಲೋಪವೆನ್ನಲಾಗದು. ಕಾಯಕಕ್ಕೆ ಬೆಲೆ ಕೊಟ್ಟ ಧರ್ಮದವರಿಗಂತೂ ಅದು ಸಣ್ಣದಾಗಿ ತೋರಬಾರದು.

ಒಳ್ಳೆಯ ಸುರುಳಿ ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಅವರು ಹಾಡಿದಾಗ ಅದು ಜಾನಪದವಲ್ಲ, ಸುಗಮ ಸಂಗೀತ ಎಂಬ ಆಕ್ಷೇಪ ಬಂದದ್ದುಂಟು. ಆಕ್ಷೇಪದಲ್ಲಿ ಸತ್ಯವೂ ಇದೆ. ಆದರೂ ಆ ಹಾಡಿಕೆಯಲ್ಲಿ ಕಂಠ ಒಡೆದು ಕೂಗುವ ಧೈರ್ಯವಿತ್ತು, ಕೇಳುಗನನ್ನು ಪಲ್ಲವಿಗೆ ಎಳೆದುಕೊಳ್ಳುವ ಒತ್ತಾಯವಿತ್ತು. 1889ರಲ್ಲಿ ದೇಹ ಬಿಟ್ಟ ಸಂತನ ಪದಗಳು ಬೆಂಗಳೂರಿನ ಬಡಾವಣೆಗಳ ಮನೆಯೊಳಗೆ ಹೊಕ್ಕದ್ದು ಆ ಒತ್ತಾಯದಿಂದ. ಕೊಟ್ಟೂರು ಸೀಮೆಯ ಪದಗಳಿಗೆ ಆ ಬಗೆಯ ಕಂಠ ಇನ್ನೂ ದೊರೆತಿಲ್ಲ. ದೊರೆಯುವವರೆಗೆ ಕಾಯುವ ಅವಶ್ಯಕತೆಯೂ ಇಲ್ಲ. ಸೀಮೆಯ ಭಜನಾ ಮೇಳಗಳನ್ನು ಶಿವರಾತ್ರಿಯ ಜಾಗರಣೆಯಂದು ಅವರವರ ಗುಡಿಯಲ್ಲೇ ಕೂರಿಸಿ, ಕೆಮ್ಮು, ಮಕ್ಕಳ ಅಳು, ನಡುವಣ ಮಾತುಕತೆಗಳ ಸಹಿತವಾಗಿ ರಾತ್ರಿಯಿಡೀ ಮುದ್ರಿಸಿ, ಹಾಡಿದವರ ಹೆಸರು ಮತ್ತು ಊರಿನೊಂದಿಗೆ ಇಡಬಹುದು. ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠಗಳಿರುವ ಕೊಟ್ಟೂರಿನಲ್ಲಿ ಅದಕ್ಕೆ ಸ್ಥಳದ ಕೊರತೆಯಿಲ್ಲ. ಮುದ್ರಿಸುವ ಯಂತ್ರ ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿದೆ. ಸೊಲ್ಲಿನ ಜಾಗವನ್ನು ಯಾವ ವಾದ್ಯದಿಂದಲೂ ತುಂಬದೆ ಬಿಟ್ಟರೆ ಸಾಕು. ದಾರಿಯಲ್ಲಿ ನಡೆಯುವವರಿಗೆ ಅದನ್ನು ತುಂಬುವುದು ಗೊತ್ತಿದೆ.