ಬಾಯಿ ಮುಚ್ಚಿಸಿದ ಜೀನು

ಅಂಗೈ ಮೇಲೆ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಪುಡಿ ಝಾಡಿಸಿ, ಕೆಳದವಡೆಯ ಸಂದಿಗೆ ಇಟ್ಟುಕೊಳ್ಳುವುದು ಬೆಳಗಾವಿ ಸೀಮೆಯ ತೆಲಸಂಗದ ಹೊಲಗಳಲ್ಲಿ ಇವತ್ತಿನ ಚಟವಲ್ಲ. ತಂಬಾಕಿನ ಪೇಟೆಯಾದ ನಿಪ್ಪಾಣಿಯೂ ಇದೇ ಸೀಮೆಯದು. ಹಾಗಾಗಿ ಬಾಯಿ ಕ್ಯಾನ್ಸರ್ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ತಂಡ 2013ರಲ್ಲಿ ‘ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಕಡೆಯವರು ತುಸು ಹಕ್ಕಿನಿಂದಲೇ ಓದಬಹುದು. ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಕೆ.ಎಸ್. ಗೋಪಿನಾಥ್ ಅವರೂ ಅದರ ಲೇಖಕರಲ್ಲೊಬ್ಬರು.

ಸಿಡಿಸಿ73 ಎಂಬ ಜೀನು ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುತ್ತದೆ. ಬಾಯಿಯ ಗಡ್ಡೆಗಳಲ್ಲಿ ಅದರ ಪ್ರೋಟೀನು ಕಡಿಮೆ. ಜೀನೇ ಕೆಟ್ಟಿರಬೇಕು ಅನ್ನಿಸುವುದು ಸಹಜ. ತಂಡ ಬೊಟ್ಟು ಮಾಡಿದ್ದು ಬೇರೆ ಕಡೆಗೆ. ಮಿರ್-155 ಎಂಬ ಪುಟ್ಟ ಮೈಕ್ರೊ ಆರ್‌ಎನ್‌ಎ ಗಡ್ಡೆಯಲ್ಲಿ ಹೆಚ್ಚಾಗಿ, ಆ ಜೀನು ಕಳಿಸಿದ ಸಂದೇಶದ ಬಾಲಕ್ಕೆ ಅಂಟಿಕೊಂಡು, ಪ್ರೋಟೀನು ತಯಾರಾಗದಂತೆ ಮಾಡುತ್ತದೆ. ಅಂದರೆ ಜೀನು ನೆಟ್ಟಗಿದ್ದರೂ ಅದರ ಮಾತು ನಡೆಯುತ್ತಿಲ್ಲ. ಮಿರ್-155ನ್ನೇ ಹಿಡಿದು ಕಟ್ಟುವ ‘ಆಂಟಾಗೊಮಿರ್’ ಬಳಸಿದಾಗ ಸಿಡಿಸಿ73 ಮರಳಿತು; ಇಲಿಗಳಲ್ಲಿ ಬೆಳೆಸಿದ ಮನುಷ್ಯರ ಗಡ್ಡೆಯ ಗಾತ್ರವೂ ಗಣನೀಯವಾಗಿ ಇಳಿಯಿತು. ಕಾರಣದ ಎಳೆಯನ್ನು ಇಷ್ಟು ಚೊಕ್ಕಟವಾಗಿ ಬಿಡಿಸಿದ್ದು ಸಣ್ಣ ಕೆಲಸವಲ್ಲ.

ನನ್ನ ತಕರಾರು ಪ್ರಬಂಧದ ತಲೆಬರಹ ಚಿಕಿತ್ಸೆಯತ್ತ ಚಾಚುವ ಕೈಯ ಬಗ್ಗೆ. ಇಂಥ ಪ್ರಯೋಗಕ್ಕೆ ಬಳಸುವ ರೋಮವಿಲ್ಲದ ಇಲಿಗಳಿಗೆ ಥೈಮಸ್ ಇರುವುದಿಲ್ಲ, ರೋಗನಿರೋಧಕ ಶಕ್ತಿ ಅರೆಬರೆ; ಪರಕೀಯ ಗಡ್ಡೆ ಅವುಗಳಲ್ಲಿ ನಿಲ್ಲುವುದೇ ಅದಕ್ಕೆ. ಆದರೆ ಮಿರ್-155 ನಮ್ಮ ರೋಗನಿರೋಧಕ ಕೋಶಗಳಿಗೂ ಬೇಕು. ಅದನ್ನು ಮೈಯಲ್ಲೆಲ್ಲ ಅಡಗಿಸಿದರೆ ಏನಾದೀತೆಂದು ಆ ಇಲಿ ಪೂರ್ತಿ ಹೇಳಲಾರದು. ಅಮೆರಿಕದಲ್ಲಿ ಎಂಆರ್‌ಎಕ್ಸ್34 ಎಂಬ ಮೈಕ್ರೊ ಆರ್‌ಎನ್‌ಎ ಮದ್ದಿನ ಪರೀಕ್ಷೆ 2016ರಲ್ಲಿ ನಿಂತದ್ದು ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು. ರೋಗಿಗಳ ಜೀವವೂ ಹೋಯಿತು. ಮಿರ್-155ರ ಮೇಲೆಯೇ ಗುರಿಯಿಟ್ಟ ಕೊಬೊಮಾರ್ಸೆನ್ ಲಿಂಫೋಮಾ ರೋಗಿಗಳವರೆಗೆ ಹೋಗಿ ಅರ್ಧಕ್ಕೇ ಉಳಿಯಿತು.

ಗೆದ್ದ ಆರ್‌ಎನ್‌ಎ ಮದ್ದೂ ಇದೆ, 2018ರಲ್ಲಿ ಒಪ್ಪಿಗೆ ಪಡೆದ ಪಾಟಿಸಿರಾನ್. ಆದರೆ ಅದು ಗೆದ್ದದ್ದು, ಮದ್ದು ತಾನಾಗಿ ಹೋಗಿ ಸೇರುವ ಯಕೃತ್ತಿನಲ್ಲಿ, ಅದೂ ಕ್ಯಾನ್ಸರಲ್ಲದ ರೋಗಕ್ಕೆ. ತೆಲಸಂಗದಿಂದ ಮಿರಜಿಗೋ ಬೆಳಗಾವಿಗೋ ಹೋದವರಿಗೆ ಇವತ್ತಿಗೂ ಮುಖ್ಯವಾಗಿ ಶಸ್ತ್ರಕ್ರಿಯೆ, ರೇಡಿಯೇಷನ್, ಕೀಮೊಗಳೇ ಗತಿ.

ಹಾಗಂತ ಬಾಯಿಗೆ ಒಂದು ಅನುಕೂಲವಿದೆ: ಗಡ್ಡೆ ಕಣ್ಣಿಗೆ ಕಾಣುತ್ತದೆ, ಸೂಜಿಗೆ ಸಿಗುತ್ತದೆ. ರಕ್ತಕ್ಕೆ ಬಿಡದೆ ಅಲ್ಲಿಗೇ ಚುಚ್ಚಿ ನೋಡಬಹುದು. ಕುತ್ತಿಗೆಯ ಗಂಟುಗಳಿಗೆ ಆಗಲೇ ಇಳಿದ ರೋಗಕ್ಕೆ ಮಾತ್ರ ಆ ಸೂಜಿ ಸಾಲದು. ನಮ್ಮ ಕಡೆಯವರಲ್ಲಿ ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲೇರುವುದೇ ಆ ಹಂತದಲ್ಲಿ.